ಮಾಸು ನೋಡಿದಾಕಿ

ಕುರ್ಚಿ ಬ್ಯಾಡ್ರಿ ಡಾಕ್ಟ್ರಮ್ಮ, ನೆಲಾನ ನನಗ ಗಟ್ಟಿ. ಸೂಲಗಿತ್ತಿ ಉಚ್ಚಮ್ಮ ಆದೋನಿ ಆಸ್ಪತ್ರಿಯಾಗ ಕುರ್ಚಿ ಮ್ಯಾಲೆ ಕುಂತ್ಲು ಅಂತ ನಮ್ಮೂರು ಹಾಲಹರವಿಗೆ ಗೊತ್ತಾದ್ರ, ಕೂಡಿ ಕುಂತು ದಂಡ ಹಾಕ್ತಾರ!... ನಗಬ್ಯಾಡ್ರಿ, ಖರೇನ. ಹಣಿ? ಏನಿಲ್ಲ ಬಿಡ್ರಿ, ಬಾಗಲಾ ಬಡೀತು. ಇಷ್ಟು ದೊಡ್ಡ ಆಸ್ಪತ್ರಿ, ಬಾಗಲ ಮಾತ್ರ ಗಿಡ್ಡು.

ಮತ್ತ ಅದನ್ನ ಕೇಳ್ತೀರಲ್ಲ! ಮಾಸು ಪೂರ್ತಿ ಬಿತ್ತೇನು, ಪೂರ್ತಿ ಬಿತ್ತೇನು... ನೀವು ತೆಲುಗಿನ್ಯಾಗ ಮಾಯ ಅಂತೀರಿ, ಕೂಸಿನ ಹಿಂದ ಬರೋದು, ಅದ ತಾನೆ? ಬಿತ್ತು ತಾಯಿ. ಪೂರ್ತಿ ಬಿತ್ತು. ಜೋಳದ ರೊಟ್ಟಿ ಇದ್ದಂಗ ದುಂಡಗ, ಒಂದಂಚೂ ಮುರಿದಿದ್ದಿಲ್ಲ. ನಾನ ನೋಡೀನಿ.

ಲಗೂನ ಬೀಳಲಿಲ್ಲ, ಅದು ಖರೆ. ಮುಂಜಾನಿ ಎಮ್ಮಿ ಹಿಂಡೋ ಹೊತ್ತಿಗೆ ಕೂಸು ಬಂತು. ಬಿಸಲು ನೆತ್ತಿಗೆ ಬಂದ್ರೂ ಮಾಸು ಒಳಗ ಕುಂತೈತಿ! ಅಂಥಾ ಹೊತ್ತಿನ್ಯಾಗ ನಮ್ಮ ಕಡೆ ಏನು ಮಾಡ್ತಾರ ಗೊತ್ತೇನು? ಮನ್ಯಾಗಿನ ಗಂಟೆಲ್ಲಾ ಬಿಚ್ಚತಾರ. ಗಂಟು ಬಿಚ್ಚಿದ್ರ ಒಳಗಿಂದೂ ಬಿಚ್ಚತೈತಂತ. ಮನಿ ಯಾರದು? ಹತ್ತಿ ಸಾವ್ಕಾರ ಹಾಲಸ್ವಾಮೀದು! ಅಂಡಿಗಿ ಬಿಚ್ಚಿದ್ರು, ಅಂಗಳದ ತುಂಬ ಹತ್ತಿ. ಎಮ್ಮಿ ಬಿಚ್ಚಿದ್ರು, ಅದು ಹೋಗಿ ಹತ್ತಿಗೆ ಬಾಯಿ ಹಾಕ್ತು. ಕಡೀಕ ನಾನಂದೆ, ಸಾವ್ಕಾರ್ರ ಧೋತರದ ಗಂಟೂ ಬಿಚ್ಚಬೇಕು... ಶಾಸ್ತ್ರದಾಗ ಇಲ್ರಿ, ಸುಮ್ನ ಅಂದೆ! ಹೆಂಡ್ತಿ ಕೊಟ್ರಮ್ಮ ಒಳಗ ಒದ್ದಾಡ್ತಾಳ, ಈತ ಕಟ್ಟಿ ಮ್ಯಾಲೆ ಎಲಿ ಅಡಕಿ ಮೆಲ್ತಾನ. ಬಿಚ್ಚಿದ ನೋಡ್ರಿ! ಎರಡೂ ಕೈಲೆ ಹಿಡಕೊಂಡು ನಿಂತಿದ್ನಂತ... ಅಯ್ಯ, ಸಾವಕಾಶ ನಗ್ರಿ, ಕೆಮ್ಮು ಹತ್ತೀತು!

ಕೊಟ್ರಮ್ಮನ ಬಾಯಾಗ ಆಕಿ ಜಡೀನ ತುರುಕಿದ್ವಿ. ಓಕರಿಕಿ ಬಂದ್ರ ಹೊಟ್ಟಿ ಒತ್ತತೈತಿ ಅಂತ... ತಪ್ಪೇನು? ಆತು, ಇನ್ನ ತುರುಕಂಗಿಲ್ಲ. ಹೊಕ್ಕಳ ಬಳ್ಳಿ ಹಿಡಿದು ಎಳೆದ್ಯಾ ಅಂತೀರಾ? ಎಳೆಯಾಕ ನಾನೇನು ಬಾವ್ಯಾಗಿಂದ ಕೊಡ ಸೇದ್ತೀನೇನು? ಎಳಿ ಎಳಿ ಅಂದಾಕಿ ಆಕಿ ಅತ್ತಿ ಮಹಾಂತಮ್ಮ. ನಾನು ಎಳೀಲಿಲ್ಲ. ಹೊಟ್ಟಿ ನೀವಿದೆ, ಕೂಸನ್ನ ಮೊಲಿಗೆ ಹಚ್ಚಿದೆ, ತಾನ ಬಿತ್ತು.

ಐದು ದಿನಕ್ಕ ಕೊಟ್ರಮ್ಮನ ಮೈ ಕಾದು ಹಂಚಾತು. ನೆತ್ತರ ನಿಲ್ಲವಲ್ದು. ಗಾಳಿ ಸೋಕೈತಿ, ಬೂದಿ ಹಚ್ಚು ಅಂದ್ಲು ಮಹಾಂತಮ್ಮ. ಬೂದಿ ನಿಮ್ಮ ಮಾರಿಗೆ ಹಚ್ಚಿಕೊಳ್ರಿ ಅಂದೆ. ಹೌದ್ರಿ, ಸಾವ್ಕಾರ್ತಿಗೇ ಅಂದೆ! ಜಗಳಾಡಿ ಆಕೀನ್ನ ಇದ್ದಲಿ ಹೊಗಿ ಮ್ಯಾಲೆ ಓಡೋ ಬಸ್ಸಿಗೆ ಹಾಕ್ಕೊಂಡು ಬಂದೆ. ಆಲೂರು ದಾಟಿದ ಮ್ಯಾಲೆ ಬಸ್ಸಿಗೂ ಬ್ಯಾನಿ ಎದ್ದು ನಿಂತ್ಕೊಂತು. 'ದಿಗಂಡಿ, ದಿಗಂಡಿ' ಅಂತ ಡ್ರೈವರ ಬಸ್ಸು ನೂಕಾಕ ಎಲ್ರನ್ನೂ ಇಳಿಸಿದ. ನಾನೂ ಜೋರು ಮಾಡಿ ನೂಕಿದೆ. ನೋಡಿದ್ರ ಕಂಡಕ್ಟರನ ಬೆನ್ನು!... ಗದ್ಲದಾಗ್ರಿ. ಗದ್ಲದಾಗ ಹಂಗಾತು.

ಏನಂದ್ರಿ?... ಹೂಂ. ಪೂರ್ತಿ ಬಿದ್ದಿದ್ರ ಔಷಧಿ ಸಾಕು. ತುಣುಕು ಉಳಿದಿದ್ರ ಕೈ ಹಾಕಿ ತೆಗೀಬೇಕು. ಈ ಜ್ವರದಾಗ ಸುಮ್‌ಸುಮ್ನ ಕೈ ಹಾಕಿದ್ರ ಜೀವಕ್ಕ ಕುತ್ತು, ಉಳಿದಿದ್ದನ್ನ ಬಿಟ್ರೂ ಕುತ್ತು... ತಿಳೀತ್ರಿ. ನನ್ನ ಮಾತಿನ ಮ್ಯಾಲೆ ಐತಿ ಅಂತೀರಿ.

ಹೇಳಿದ್ನಲ್ಲ. ದುಂಡಗಿತ್ತು. ಕೆಂಪಗಿತ್ತು. ಜೋಳ ಕೇರೋ ಮರದಾಗ ಹರವಿ, ನೋಡಿ, ಹಿತ್ತಲದಾಗ ಹುಗಿದೆ.

ಹತ್ರ ಬಂದ್ರೇನು?

ಬಳಿ ಸಪ್ಪಳಾತು. ಏನೋ ಹಿಡಿದೀರಿ ನನ್ನ ಮುಂದ... ನೋಡಿದೆ. ನೋಡಿದೆ ಬಿಡ್ರಿ... ಬೆರಳು. ಬೆರಳಲ್ಲೇನು? ಮೂರು... ನಾಕು?... ಡಾಕ್ಟ್ರಮ್ಮ? ಬೇಕಾದ್ರ ಬೈರಿ. ಹಿಂಗ ಸುಮ್ನಿರಬ್ಯಾಡ್ರಿ ತಾಯಿ.

...ಎರಡು ವರ್ಷಾತು ಕಣ್ಣಿಗೆ ಪೊರಿ ಬಂದು. ಈಗ ಬೆಳಕು ಯಾವುದು, ಕತ್ತಲಿ ಯಾವುದು, ಅಷ್ಟ ಗೊತ್ತು. ಹೇಳಿದ್ರ ಯಾರು ಕರೀತಾರ ನನ್ನ? ಕೈ ಅದಾವಲ್ಲ ಅಂದುಕೊಂಡೆ. ಕೈಗೆ ಗೊತ್ತಾಗಿತ್ರಿ. ಒಂದು ಕಡೆ ಹರಕಿತ್ತು, ರೊಟ್ಟಿ ಮುರಕೊಂಡಂಗ. ಅನುಮಾನ ಬಂತು. ಮರ ಎತ್ತಿ ಮಹಾಂತಮ್ಮನ ಮುಂದ ಹಿಡಿದೆ, ಅಮ್ಮಾರ, ನೀವೊಮ್ಮಿ ನೋಡ್ರಿ ಅಂತ. ಥೂ, ಮೈಲಿಗಿ, ಆಚಿ ಒಯ್ಯಿ ಅಂದ್ಲು. ಮನಿ ತುಂಬ ಕಣ್ಣಿದ್ದವ್ರು! ಒಬ್ರರ ಬಗ್ಗಿ ನೋಡಿದ್ರ ಏನು ಹೋಗ್ತಿತ್ತು? ಗಂಡು ಕೂಸನ್ನ ಎತ್ತಿಕೊಳ್ಳಾಕ ನಾ ಮುಂದ ತಾ ಮುಂದ. ಅದು ಒಂಬತ್ತು ತಿಂಗಳು ಉಂಡ ಗಂಗಾಳ ಮಾತ್ರ ಮೈಲಿಗಿ! ಆಮ್ಯಾಲೆ ಕೇಳಿದ್ರು, ಎಲ್ಲಾ ಬಂತೇನಬೇ ಅಂತ. ಬಂತು ಅಂದೆ.

ಅವರ ಮ್ಯಾಲಿನ ಸಿಟ್ಟು ಹಂಗ ಇರಲಿ, ಸುಳ್ಳು ನಂದು. ತುಣುಕು ಒಳಗೈತಿ ಡಾಕ್ಟ್ರಮ್ಮ. ಕೈ ಹಾಕ್ರಿ.

ಎದ್ದು ಹೊಂಟ್ರೇನು?... ಕೊಟ್ರಮ್ಮಗ ಹೇಳ್ರಿ, ಉಚ್ಚಮ್ಮ... ಬ್ಯಾಡ, ಹೇಳಬ್ಯಾಡ್ರಿ, ಮೊದಲು ತೆಗೀರಿ! ಆಕಿ ಎದ್ದು ಕುಂತ ಮ್ಯಾಲೆ ನಾನ ಹೇಳ್ತೀನಿ.