ಅಂಟಿಸಿದ್ದ ಹನ್ನೊಂದು ತೂತು

ಇದು ಎಲ್ಲೋ ಯಾರೋ ಹೇಳಿದ್ದಲ್ಲ ಕಣ್ರಪ್ಪ. ತಿಪಟೂರಲ್ಲಿ ನಮ್ಮ ಬೀದೀಲೇ ಹಾರ್ಮೋನಿಯಂ ರಿಪೇರಿ ಮಾಡ್ತಿದ್ದ ಲಿಯಾಕತ್ ಸಾಬ್ರಿಗೆ ಆಗಿದ್ದು. ತೊಂಬತ್ತೆಂಟನೇ ಇಸವಿ.

ರಾತ್ರಿ ಹತ್ತು ದಾಟಿತ್ತು. ಊರಾಚೆ ಕರಿಬಸವಯ್ಯ ಮೇಷ್ಟ್ರ ತೋಟದ ಮನೆಯಿಂದ ಸಾಬ್ರು ಒಬ್ರೇ ನಡ್ಕೊಂಡು ಬರ್ತಿದ್ರು. ತೆಂಗಿನ ಒಂದು ಗರೀನೂ ಅಲ್ಲಾಡ್ತಿಲ್ಲ. ತೋಟದ ಅಂಚಿನ ಹಳೇ ಬಾವಿ ಹತ್ರ ಬಂದಾಗ ಹಿಂದೆ ಮನೇಲಿ ಪಿಯಾನೊ ಶುರುವಾಯ್ತು... 

ಸಾಬ್ರು ಹೆದರಲಿಲ್ಲ. ನಕ್ಕರು. ಅದನ್ನ ಬದುಕಿಸಿದ್ದೇ ಅವರು.

ಮೇಷ್ಟ್ರಿಗೆ ಹಳೇ ವಾದ್ಯ ಅಂದ್ರೆ ಹುಚ್ಚು. ಮೈಸೂರು ಕಡೆ ಯಾವುದೋ ಬಂಗಲೆ ಕೆಡವಿದಾಗ ಆ ಪಿಯಾನೊ ಲಾರೀಲಿ ತಂದಿದ್ರು. ಬೆರಳು ಬೇಡ ಅದಕ್ಕೆ. ತೂತು ಕೊರೆದ ಕಾಗದದ ಸುರುಳಿ ಸಿಕ್ಕಿಸಿ ಕೆಳಗೆ ಪೆಡಲ್ ತುಳಿದ್ರೆ, ಒಳಗಿನ ತಿದಿ ಗಾಳಿ ಎಳೆದು ಕೀಗಳು ತಾವೇ ಇಳಿದು ನುಡೀತವೆ. ತಿದಿ ಇಲಿ ಕಡಿದು ಚಿಂದಿಯಾಗಿತ್ತು. ಸಾಬ್ರು ಹುಳಿಯಾರಿಂದ ಕುರಿ ತೊಗಲು ತಂದು, ಎರಡು ತಿಂಗಳು ಕೂತು ಹೊಲಿದಿದ್ರು.

ಸುರುಳಿಗಳಲ್ಲಿ ಒಂದಕ್ಕೆ ಹೆಸರೇ ಇರಲಿಲ್ಲ. ಅದರ ಕೊನೇಲಿ ಹನ್ನೊಂದು ತೂತಿಗೆ ಯಾರೋ ಒಂದೊಂದಾಗಿ, ಜೋಪಾನವಾಗಿ ಕಾಗದ ಅಂಟಿಸಿದ್ರು.

"ಯಾಕೆ ಮುಚ್ಚವ್ರೆ ಸಾರ್?"

"ಯಾವುದೋ ಮಗು ಆಟ ಕಣ್ರೀ ಸಾಬ್ರೇ. ಬಿಚ್ಚಿ."

ಅವತ್ತು ಸಂಜೆ ಸಾಬ್ರು ಹಬೆ ಹಿಡಿದು ಹನ್ನೊಂದನ್ನೂ ಬಿಚ್ಚಿದ್ರು. ಒಣಗಲಿ, ನಾಳೆ ಹಾಕೋಣ ಅಂದು ಹೊರಟಿದ್ರು. ಮೇಷ್ಟ್ರು ತಡ್ಕೊಳ್ಳಲಾರದೆ ಈಗಲೇ ಹಾಕ್ಬಿಟ್ಟವ್ರೆ ಅಂದ್ಕೊಂಡ್ರು.

ಸಾಬ್ರು ಬಾವಿಕಟ್ಟೆ ಮೇಲೆ ಕೂತು ಬೀಡಿ ಹಚ್ಚಿದ್ರು. ಒಂದು ಸುರುಳಿ ಐದು ನಿಮಿಷ. ಮುಗಿದ ಮೇಲೆ ನಿಲ್ಲಿಸಿ ಹಿಂದಕ್ಕೆ ಸುತ್ತಬೇಕು. ಬೀಡಿ ಮುಗೀತು... ಇನ್ನೊಂದೂ ಮುಗೀತು... ಪಿಯಾನೊ ನಿಲ್ಲಲಿಲ್ಲ. ಕೊನೇ ತುಣುಕೇ ಮತ್ತೆ ಮತ್ತೆ. ಟಿಣ್... ಟಿಣ್ ಟಿಣ್... ಅದರ ಕೆಳಗೆ ಪೆಡಲ್ ಸದ್ದು. ದಡ್ ದಡ್ ದಡ್ ದಡ್.

ಮೇಷ್ಟ್ರಿಗೆ ಮಂಡಿನೋವು. ಅಷ್ಟು ಜೋರಾಗಿ ತುಳಿಯೋಕೆ ಆಗೋದೇ ಇಲ್ಲ.

"ಸಾಬ್ರೇ..."

ತೆಳ್ಳಗೆ ಒಂದು ಕೂಗು. ಸಾಬ್ರು ಓಡಿದ್ರು.

ಬಾಗಿಲು ತೆಗೆದೇ ಇತ್ತು. ಲೈಟು ಉರೀತಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಬೆವರಲ್ಲಿ ತೊಯ್ದು ಕೂತಿದ್ರು. ಸುರುಳಿ ಆಗಲೇ ಮುಗಿದು, ಕಾಗದದ ತುದಿ ಪಟ್... ಪಟ್... ಅಂತ ಬಡ್ಕೋತಿತ್ತು. ಆದ್ರೂ ಕೀಗಳು ಇಳೀತಿದ್ವು. ಅಂಟಿಸಿದ್ದ ತೂತಿನ ಅವೇ ಹನ್ನೊಂದು ಸ್ವರ.

"ಕಾಲು ತೆಗೀರಿ ಸಾರ್!"

"ಬರ್ತಿಲ್ಲ..." ಮೇಷ್ಟ್ರು ಪಿಸುಗುಟ್ಟಿದ್ರು. "ನಾನು ತುಳೀತಿಲ್ಲ ಕಣ್ರೀ..."

ಸಾಬ್ರು ಅವರ ಮಂಡಿ ಹಿಡಿದು ಎಳೆದ್ರು. ಮಂಡಿ ಮೇಲೆ ಇನ್ನೇನೋ ಭಾರ. ತಣ್ಣಗಿತ್ತು.

ತೊಗಲು ಕೊಯ್ಯೋ ಚಾಕು ಜೇಬಲ್ಲೇ ಇತ್ತು. ಬಗ್ಗಿ ತಿದಿಗೆ ಹಿಡಿದ್ರು. ತಾವೇ ಹಾಕಿದ ಹೊಲಿಗೆ ಕಣ್ಣೆದುರಿಗೇ ಇತ್ತು... ಕೈ ಒಂದು ಗಳಿಗೆ ನಿಂತೋಯ್ತು. ತಲೆಯೆತ್ತಿ ನೋಡಿದ್ರೆ ಮೇಷ್ಟ್ರ ತುಟಿ ನೀಲಿ.

"ಯಾ ಅಲ್ಲಾ!" ಅಂದವರೇ ಈ ತುದಿಯಿಂದ ಆ ತುದಿಗೆ ಸೀಳಿಬಿಟ್ರು.

ಉಸ್ಸ್ಸ್ಸ್... 

ಕೀಗಳು ನಿಂತ್ವು. ಮೇಷ್ಟ್ರು ಪಕ್ಕಕ್ಕೆ ಉರುಳಿದ್ರು. ಆ ನಿಶ್ಶಬ್ದದಲ್ಲಿ, ಸಾಬ್ರ ಬಲಗಿವಿ ಹತ್ರಾನೇ ಯಾರೋ ಬೇಜಾರಾಗಿ ಲೊಚಗುಟ್ಟಿದ್ರು. ಲೊಚ್... ಒಂದೇ ಸಲ.

ಆ ತಿದಿ ಮತ್ತೆ ಹೊಲೀಲಿಲ್ಲ ಸಾಬ್ರು. ಮೇಷ್ಟ್ರೂ ಕೇಳಲಿಲ್ಲ.

ಕನಸು ಗಿನಸು ಅಂತೀರೇನೋ. ಹುಳಿಯಾರಿಗೆ ತವರಿಗೆ ಹೋಗಿದ್ದ ಮೇಷ್ಟ್ರ ಹೆಂಡ್ತಿ ಭೈರಮ್ಮ ಬೆಳಗಿನ ಬಸ್ಸಿಗೆ ಬಂದ್ರು. ಗಂಡನ ಕಾಲಿಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿದ್ದು ಆಯಮ್ಮನೇ. ನಮ್ಮವ್ವನ ಮುಂದೆ ಕೂತು ಹೇಳಿದ್ದೂ ಆಯಮ್ಮನೇ. ನಾನು ಒಂದಕ್ಷರ ಸೇರಿಸಿಲ್ಲ.

ಎರಡೂ ಪಾದದ ಮೇಲೆ, ಯಾರೋ ಹತ್ತಿ ನಿಂತಿದ್ದಂಗೆ, ಕಪ್ಪಗೆ ಕಂದಿದ ಸಣ್ಣ ಹೆಜ್ಜೆ ಗುರುತು. ಹಿಮ್ಮಡಿ ಮೇಷ್ಟ್ರ ಕಾಲ್ಬೆರಳ ಹತ್ರ... ಬೆರಳೆಲ್ಲ ಅವರ ಕಡೇಗೇ ತಿರುಗಿದ್ವು.