ಗಂಟಲೊಳಗಿನ ಬಲೂನು

ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲಿದ್ದ ಹುಡುಗಿ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಅರಿವಳಿಕೆ ಡಾಕ್ಟರು ಆಗಷ್ಟೇ "ಏನಾದರೂ ಕೇಳೋದಿದೆಯಾ?" ಎಂದಾಗ, ಇಲ್ಲವೆಂದು ತಲೆಯಾಡಿಸಿ ಹೊರಬಂದಿದ್ದಳು. ಪಕ್ಕದಲ್ಲಿ ಅದೇ ಆಪರೇಷನ್ನಿಗೆ ಬಂದಿದ್ದ ಹೆಂಗಸು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು. ಅವಳ ಪಿಸುಮಾತೂ ಬಾಗಿಲಾಚೆ ಕೇಳುವಂಥದ್ದು. ಬೇರೊಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾದಿನಿಯ ತಲೆ ತಿನ್ನುತ್ತಿದ್ದಳು.

"ತೂತು ಮಾಡೋದು ಹೊಟ್ಟೆಗೆ. ಗಂಟಲು ಯಾಕೆ ಕೆಡುತ್ತೆ?"

"ಉಸಿರಾಡಿಸೋಕೆ ಗಂಟಲೊಳಗೆ ಕೊಳವೆ ಇಳಿಸ್ತಾರೆ ಅತ್ತಿಗೆ. ಗಾಳಿ ಸೋರದ ಹಾಗೆ ಅದರ ಸುತ್ತ ಪುಟ್ಟ ಬಲೂನು ಊದ್ತಾರೆ."

"ಊದ್ಲಿ. ಆಮೇಲೆ?"

"ಆಮೇಲೆ ಒಳಗೆಲ್ಲ ಕಾಣ್ಲಿ ಅಂತ ಹೊಟ್ಟೆಗೂ ಗ್ಯಾಸ್ ತುಂಬ್ತಾರೆ. ಹೊಟ್ಟೆ ಉಬ್ಬಿ ಎದೆ ಕಡೆ ಒತ್ತಿದಾಗ ಬಲೂನಿನ ಬಿಗಿ ಏರಿ ಗಂಟಲನ್ನ ಒತ್ತಬಹುದು."

"ಅಯ್ಯೋ! ನಂಗೆ ಗೊತ್ತಾಗುತ್ತಾ?"

"ಎಲ್ಲಿ! ನಿಮಗೆ ಒಳ್ಳೆ ನಿದ್ದೆ. ಎದ್ದಮೇಲೆ ಗಂಟಲು ಉರಿದಾಗಲೇ ಗೊತ್ತಾಗೋದು."

"ದನಿ ಬಿದ್ದೋದ್ರೆ ನನ್ನ ಟೊಮೇಟೊ ನೀನು ಕೂಗ್ತೀಯೇನೇ?"

"ಅದಕ್ಕೇ ಹೇಳ್ತಿರೋದು. ಬಲೂನಿನ ಬಿಗಿ ತಿಳಿಯೋಕೆ ಕೊಳವೆಯ ಹೊರತುದೀಲಿರೋ ಗುಳ್ಳೇನ ಬೆರಳಲ್ಲಿ ಒತ್ತಿ ನೋಡಿದ್ರೆ ಸಾಲಲ್ಲ. ಹೊಟ್ಟೆ ಉಬ್ಬಿದ ಮೇಲೆ ಇನ್ನೊಂದ್ಸಲ ಮೀಟರಲ್ಲಿ ಅಳೆದು ನೋಡ್ತೀರಾ ಅಂತ ಡಾಕ್ಟರನ್ನ ಕೇಳಿ."

"ನಂಗೆ ನಾಚಿಕೆ ಆಗುತ್ತೆ. ನೀನೇ ಕೇಳು."

"ಇಡೀ ಮಂಡೀನ ನಡುಗಿಸೋರಿಗೆ ನಾಚಿಕೆ! ಗಂಟಲು ಯಾರದು?"

ಡಾಕ್ಟರ ಕೋಣೆಯಿಂದ ಕರೆ ಬಂತು. ಹರಾಜಿನ ಹೆಂಗಸು ಎದ್ದು ಗಂಟಲು ಸರಿಮಾಡಿಕೊಂಡಳು.

"ಕೇಳ್ತೀನಿ ಬಿಡು. ದನಿ ಇರೋವಾಗ್ಲೇ ತಾನೇ ಕೇಳೋಕಾಗೋದು!"

ನಾದಿನಿ ನಗುತ್ತ ಅವಳ ಹಿಂದೆಯೇ ಹೋದಳು. ಬಾಗಿಲು ಮುಚ್ಚಿತು. ಹುಡುಗಿ ಬೆಂಚು ಬಿಟ್ಟೆದ್ದು, ತಾನೂ ಡಾಕ್ಟರನ್ನು ಕೇಳಲೆಂದು ಅದೇ ಬಾಗಿಲ ಮುಂದೆ ಹೋಗಿ ನಿಂತಳು.