ಮನೆಗೊಂದು ಫರಸಿ ಕಲ್ಲು

ಶಹಾಬಾದ್ ಬಸ್ ನಿಲ್ದಾಣದಲ್ಲಿ, ಚಿತ್ತಾಪುರದ ಬಸ್ಸಿಗೆ ಕಾಯುತ್ತಿದ್ದ ಗುರುಲಿಂಗಯ್ಯನವರಿಗೂ ಆಗಷ್ಟೇ ವಾಡಿಯಿಂದ ಬಂದಿಳಿದ ಅವರ ಹಳೆಯ ಸಹಪಾಠಿ ಹಮೀದಾಬಿಗೂ ನಡೆದ ಮಾತು ಇದು. ಕೇಳಿದಂತೆಯೇ ಬರೆದಿದ್ದೇನೆ.

“ನಮ್ಮ ಹಳೇ ಹೈಸ್ಕೂಲ್ ಇವತ್ತ ಮಧ್ಯಾಹ್ನ ಕೆಡವ್ತಾರಂತ, ಹಮೀದಾಬಿ.”

“ಅದನ್ನ ತಡಿಲಾಕೇ ಬಂದೀನಿ, ಅಯ್ನೋರೆ. ಸಾಲಿ ಕಟ್ಟುವಾಗ ನಮ್ಮ ಹಿರ್ಯಾರು ನೆಲಕ್ಕ ಹಾಸ್ಲಾಕ ಮನಿಗೊಂದು ಫರಸಿ ಕಲ್ಲು ಕೊಟ್ಟಾರ. ನಮ್ಮ ಅಬ್ಬಾ ಕೊಟ್ಟ ಕಲ್ಲಿನ ಮ್ಯಾಲೆ ಕುಂತೇ ನಾ ಮೆಟ್ರಿಕ್ ಓದೀನಿ.”

“ಸಾಲಿ ಹೊಸಾ ಕಟ್ಟಡಕ್ಕ ಹೋಗಿ ಭಾಳ ವರ್ಷ ಆತಲ್ಲ. ಈಗ ಖಾಲಿ ಬಿದ್ದದ.”

“ನಿಮ್ಮ ತಲಿನೂ ಖಾಲಿನೇ ಇತ್ತು. ಮಾಸ್ತರು ಕೆಡವಿದ್ರೇನು?”

“ಜೆಸಿಬಿ ಮುಂದ ನಿಂತು ಏನ್ ಮಾಡ್ತಿ?”

“ನಿಲ್ಲಂಗಿಲ್ಲ, ಕುಂದರ್ತೀನಿ. ಅಬ್ಬಾನ ಕಲ್ಲು ಎತ್ತೋರು ನನಗೂ ಎತ್ತಲಿ.”

ಗುರುಲಿಂಗಯ್ಯ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು.

“ನಮ್ಮಪ್ಪ ಕೊಟ್ಟ ಕಲ್ಲು ಯಾವ್ದು, ನೆನಪದ ಏನು?”

“ಬಾಗಲ ಹೊರಗಿಂದು. ಲೆಕ್ಕ ತಪ್ಪಿದಾಗೆಲ್ಲ ಮಾಸ್ತರು ನಿಮಗ ಅದರ ಮ್ಯಾಲೇ ನಿಲ್ಲಸ್ತಿದ್ದರು.”

ಚಿತ್ತಾಪುರದ ಬಸ್ಸು ಬಂದು ನಿಂತಿತು. ಗುರುಲಿಂಗಯ್ಯ ಚೀಲವನ್ನು ಹೆಗಲಿಗೇರಿಸಿ, ಬಸ್ಸಿನತ್ತ ತಿರುಗಿಯೂ ನೋಡದೆ ಹೇಳಿದರು:

“ನಡಿ. ಈ ಸಲ ನಾನೂ ಕುಂದರ್ತೀನಿ.”

ಇಬ್ಬರೂ ಹಳೆಯ ಶಾಲೆಯ ದಾರಿ ಹಿಡಿದರು.